ಅರವತ್ತೊಂದು ಖೋಲಿ, ಒಂದು ಟೈಲ್

ನಮ್ಮಕ್ಕ ವಿಜಯಪುರದಾಗ ಸೋಲಾಪುರ ರೋಡಿನ ಕಡೆ ಮನಿ ಕಟ್ಟಸಾಕತ್ತಾಳ, ಭಾವಾ ಹೊರಗಿನ ಊರಾಗ ನೌಕರಿ, ಹಿಂಗಾಗಿ ಸಂಜಿ ಮುಂದ ಸೈಟಿಗೆ ಹೋಗಿ ನಿಂದ್ರೂದು ನನ್ನ ಪಾಲಿಗೆ ಬಂದೈತಿ. ಎರಡು ಖೋಲಿಗೆ ಅಂತ ಎರಡು ಬೈ ಎರಡು ಫೂಟಿನ ಟೈಲ್ಸ್ ತಂದಿದ್ವಿ. ಖೋಲಿ ಹತ್ತು ಬೈ ಹತ್ತು, ಅಂದ್ರ ಒಂದಕ್ಕ ಐದೈದ್ಲೆ ಇಪ್ಪತ್ತೈದು, ಎರಡಕ್ಕ ಐವತ್ತು. ಆಮ್ಯಾಲ ಅಕ್ಕಗ ಏನನಸ್ತೋ ಏನೋ, ಖೋಲಿಗೆ ಫರಸಿನೇ ಇರ್ಲಿ, ಈ ಟೈಲ್ಸ್ ಹಾಲಿಗೆ ಹಾಕ್ರಿ ಅಂದ್ಳು. ಹಾಲ್ ಹದಿನಾಲ್ಕು ಬೈ ಹದಿನಾಲ್ಕು. ಮೂರು ದಿನ ಆದ ಮ್ಯಾಲ ಗೌಂಡಿ ಕೈ ಒರಸ್ಕೋತ ಬಂದು, "ಸಾಹೇಬ್ರ, ಹಾಲ್ ಮುಗೀತ್ರಿ, ಒಂದು ಪೀಸ್ ಉಳದೈತಿ" ಅಂದ.

ಮನಿ ಕಟ್ಟಿಸಿದವ್ರಿಗೆ ಗೊತ್ತಿರ್ತೈತಿ, ಟೈಲ್ಸ್ ಅಂದ್ರ ಒಂದೋ ಎರಡು ಬಾಕ್ಸ್ ಕಡಿಮಿ ಬೀಳ್ತಾವು ಇಲ್ಲಾ ಒಡದು ಚೂರಾಗ್ತಾವು. ಒಂದೂ ಒಡೀದ, ಒಂದೂ ಕಟ್ ಮಾಡ್ದ, ಸರಿಯಾಗಿ ಒಂದ ಉಳೀತು ಅನ್ನೂದು ನನಗ ದೊಡ್ಡ ಸುದ್ದಿ. ಉಸುಕಿನ ಗುಂಪಿ ಮ್ಯಾಲ ಕುಂತಿದ್ದ ಅಕ್ಕನ ಮಗಳು (ಒಂಬತ್ತನೇತ್ತಾ, ಲೆಕ್ಕ ಅಂದ್ರ ಜೀವಾ) ತಕ್ಷಣ ಬಾಯಿಲೇ ಲೆಕ್ಕಾ ಹಾಕಿದ್ಳು. ಐದೈದ್ಲೆ ಎರಡು ಸಲ ಐವತ್ತು, ಏಳೇಳ್ಲೆ ನಲವತ್ತೊಂಬತ್ತು, ಒಂದು ಉಳೀತು. ಮುಂದ ಕೇಳಿದ್ಳು ನೋಡ್ರಿ, "ಮಾಮಾ, ಮೂರು ಖೋಲಿ ಇದ್ದಿದ್ರ?"

ಮೂರಕ್ಕ ಒಂದು ಉಳಿಯೂದು ಯಾವತ್ತೂ ಆಗೂದಿಲ್ಲ. ಯಾವ ವರ್ಗಸಂಖ್ಯೆನರ ತೊಗೊಂಡು ಮೂರರಿಂದ ಭಾಗಿಸ್ರಿ, ಶೇಷ ಸೊನ್ನಿ ಇಲ್ಲಾ ಒಂದು, ಎರಡು ಬರೂದ ಇಲ್ಲ; ಮೂರು ಖೋಲಿ ಟೈಲ್ಸಿನ್ಯಾಗ ಒಂದು ತಗದ್ರ ಶೇಷ ಎರಡ ಬರ್ತೈತಿ. ಅದಕ್ಕ ಆಟದ ನಿಯಮ ತಿರುವಿ ಹಾಕಿದ್ವಿ. ಚೌಕ ಖೋಲಿಗೋಳು ಇಷ್ಟು, ಎಲ್ಲಾ ಒಂದ ಅಳತಿ, ಅವುಗಳ ಟೈಲ್ಸ್ ಎಲ್ಲಾ ಎತ್ತಿ ಒಂದು ದೊಡ್ಡ ಚೌಕ ಹಾಲಿಗೆ ಹಾಕ್ಬೇಕು, ಆದ್ರ ಸರಿಯಾಗಿ ಒಂದು ಟೈಲ್ ಕಡಿಮಿ ಬೀಳ್ಬೇಕು, ಬಾಜೂ ಮನ್ಯಾಗಿಂದ ಒಂದು ಕಡಾ ತಂದ್ರ ಹಾಲ್ ಪೂರಾ ಆಗ್ಬೇಕು. ಎರಡು ಖೋಲಿಗೆ ಎರಡೆರಡ್ಲೆ ಸಾಕು, ಎಂಟಕ್ಕ ಒಂದು ಕೂಡಿಸಿದ್ರ ಒಂಬತ್ತು. ಐದು ಖೋಲಿಗೆ ನಾಲ್ನಾಕ್ಲೆ, 80ಕ್ಕ ಒಂದು ಕೂಡಿಸಿದ್ರ 81. ಏಳಕ್ಕ ಮೂರ್ಮೂರ್ಲೆ, 63 ಮತ್ತೊಂದು 64. ಹತ್ತಕ್ಕ ಆರಾರ್ಲೆ, 361, ಅಂದ್ರ ಹತ್ತೊಂಬತ್ತರ ವರ್ಗ. ನಾಲ್ಕು, ಒಂಬತ್ತು, ಹದಿನಾರು ಖೋಲಿ ಬಿಡಬೇಕು, ಯಾಕಂದ್ರ ಅವು ತಾವ ಚೌಕ ಆಗಿ ಕೂಡ್ತಾವು, ಒಂದು ಕಡಿಮಿ ಬೀಳೂ ಪ್ರಶ್ನೆನ ಇಲ್ಲ. ಹುಡುಗಿ ನೋಟಬುಕ್ಕಿನ್ಯಾಗ ಪಟ್ಟಿ ಮಾಡ್ಕೋತ ಹೋದ್ಳು, ಹದಿಮೂರಕ್ಕ ಬಂದು ನಿಂತ್ಳು. ಅದಕ್ಕ ಖೋಲಿ ಬದಿ 180 ಟೈಲ್ ಬೇಕು, ಹಾಲ್ ಬದಿ 649. ಹನ್ನೆರಡಕ್ಕ ಎರಡು, ಹದಿನಾಲ್ಕಕ್ಕ ನಾಲ್ಕು, ನಡುವಿನ ಹದಿಮೂರಕ್ಕ 180! "ಇದೇನು ಮಾಮಾ, ಇದಕ್ಕ ತಲಿ ಕೆಟ್ಟೈತೇನು?" ಅಂದ್ಳು.

ನಾ ಒಳಗೊಳಗ ನಕ್ಕೆ, ಯಾಕಂದ್ರ ಮುಂದ 61 ಬರೂದೈತಿ ಅಂತ ನನಗ ಗೊತ್ತಿತ್ತು.

ಎರಡು ದಿನ ಬಿಟ್ಟು ಮನಿಗೆ ಬಂದ್ಳು. 60 ಖೋಲಿಗೆ ಬದಿ ಬರೇ 4, ಹಾಲ್ 31. 62ಕ್ಕ 8, ಹಾಲ್ 63. 63ಕ್ಕಂತೂ ಒಂದ ಟೈಲಿನ ಖೋಲಿ, ಹಾಲ್ 8. ಆದ್ರ 61 ಮುಂದ ಖಾಲಿ. ನನ್ನ ಹಳೇ ಲ್ಯಾಪ್‌ಟಾಪಿನ್ಯಾಗ ಸ್ಪ್ರೆಡ್‌ಶೀಟ್ ತಗದು (ನಾ ಒಣದ್ರಾಕ್ಷಿ ಇಡೂ ಕೋಲ್ಡ್ ಸ್ಟೋರೇಜಿನ್ಯಾಗ ಲೆಕ್ಕಪತ್ರ ನೋಡಾಂವ, ಶೀಟ್ ಬಿಟ್ರ ನನಗ ಬ್ಯಾರೆ ದೇವ್ರಿಲ್ಲ) ಒಂದನೇ ಕಾಲಮಿನ್ಯಾಗ ಖೋಲಿ ಬದಿ, ಎರಡನೇದ್ರಾಗ ಅದರ ವರ್ಗವನ್ನ 61ರಿಂದ ಗುಣಿಸಿ ಒಂದು ಕೂಡಿಸಿದ್ದು, ಮೂರನೇದ್ರಾಗ ವರ್ಗಮೂಲ, ನಾಲ್ಕು ದಶಾಂಶದ ತನಕ. ಎಳಕೋತ ಕೆಳಗ ಹೋದ್ವಿ. 3805ನೇ ಸಾಲಿಗೆ 29718.0000 ಅಂತ ಬಂತು. ಹುಡುಗಿ ಕುಣದ ಬಿಟ್ಳು. ನನಗೂ ಒಂದು ಗಳಿಗಿ ಎದಿ ಧಸಕ್ ಅಂತು, ಇಷ್ಟು ವರ್ಷ ತಿಳ್ಕೊಂಡಿದ್ದು ಸುಳ್ಳೇನು ಅಂತ. ಆಮ್ಯಾಲ ಆಕಿನ ನೋಡಿದ್ಳು, 3805ರ ವರ್ಗ 5ಕ್ಕ ಮುಗೀತೈತಿ, 61ರಿಂದ ಗುಣಿಸಿದ್ರೂ 5, ಒಂದು ಕೂಡಿಸಿದ್ರ 6. 29718ರ ವರ್ಗ 4ಕ್ಕ ಮುಗೀತೈತಿ. ಹೆಂಗ ಹೊಂದತೈತಿ? ಪೂರಾ ಗುಣಿಸಿ ನೋಡಿದ್ರ 61 ಖೋಲಿಗೆ ಹತ್ತೋ ಟೈಲ್ 883159525, ಹಾಲಿಗೆ ಹತ್ತೋದು 883159524. ಅಂದ್ರ ಇಲ್ಲೆ ಒಂದು ಕಡಿಮಿ ಬಿದ್ದಿಲ್ಲ, ಒಂದು ಉಳದೈತಿ. ನಮ್ಮ ಗೌಂಡಿ ಹೇಳಿದ ಲೆಕ್ಕನ ಇದು! ವರ್ಗಮೂಲ ಖರೇ ಅಂದ್ರ 29718.00003 ಏನೋ ಇತ್ತು, ಶೀಟ್ ಅದನ್ನ ನುಂಗಿ ಸೊನ್ನಿ ತೋರ್ಸಿತ್ತು. ಆ ಮ್ಯಾಲ ಹತ್ತು ಲಕ್ಷ ಸಾಲಿನ ತನಕ ಎಳದ್ವಿ, ಲ್ಯಾಪ್‌ಟಾಪ್ ಬಿಸಿ ಆಗಿ ಒದರಾಕತ್ತು, ಇಂಥಾ ಸುಳ್ಳ ಸೊನ್ನಿ ಇನ್ನೂ ಸಿಕ್ವು, ಖರೇ ಉತ್ತರ ಒಂದೂ ಇಲ್ಲ.

ಆವಾಗ ಹೇಳಿದೆ. 61 ಖೋಲಿಗೆ ಬದಿ 226153980 ಟೈಲ್. ಹಾಲ್ ಬದಿ 1766319049. ಬಾಯಿ ಬಿಟ್ಟು ಓದಿದ್ರ ನೂರಾ ಎಪ್ಪತ್ತಾರು ಕೋಟಿ ಅರವತ್ಮೂರು ಲಕ್ಷ ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ಮತ್ತ ಇದು ಎಲ್ಲಾಕಿಂತ ಸಣ್ಣ ಉತ್ತರ, ಇದ್ರಕಿಂತ ಸಣ್ಣದು ಇಲ್ಲವೇ ಇಲ್ಲ. ದೊಡ್ಡ ಸಂಖ್ಯೆ ಬರೀಬೇಕಂದ್ರ ಯಾರರ ಬರೀಬಹುದು, ಒಂದರ ಮುಂದ ಸೊನ್ನಿ ಇಟ್ಕೋತ ಹೋದ್ರ ಆತು, ಅದ್ರಾಗ ಏನೈತಿ. ಇದು ಹಂಗಲ್ಲ. 61 ಅನ್ನೂ ಸಣ್ಣ ಸಂಖ್ಯೆ ಹೊಟ್ಟಿಯೊಳಗ ಇಟ್ಕೊಂಡು ಕುಂತಿತ್ತು ಇದನ್ನ. ಒಂದು ಸೆಕೆಂಡಿಗೆ ಒಂದು ಖೋಲಿ ಅಳತಿ ಅಂತ ನೋಡ್ಕೋತ ಹೋದ್ರೂ ಮುಟ್ಟಾಕ ಏಳು ವರ್ಷ ದಾಟ್ತೈತಿ, ಊಟಾ ನಿದ್ದಿ ಬಿಟ್ಟು. ನಮ್ಮ ಎರಡು ಫೂಟಿನ ಟೈಲೇ ಹಾಕ್ತೀವಿ ಅಂದ್ರ ಒಂದು ಖೋಲಿಯ ಒಂದು ಗ್ವಾಡಿ ಒಂದು ಲಕ್ಷ 37 ಸಾವಿರ ಕಿಲೋಮೀಟರಿಗೂ ಜಾಸ್ತಿ, ಭೂಮಿಗೆ ಮೂರು ಸುತ್ತು ಹಾಕಿ ಇನ್ನೂ ಉಳೀತೈತಿ. ಹಾಲಿನ ಗ್ವಾಡಿ ಹತ್ತು ಲಕ್ಷ 76 ಸಾವಿರ ಕಿಲೋಮೀಟರ್, ಚಂದ್ರನ ತನಕ ಹೋಗಿ ತಿರುಗಿ ಬಂದ್ರೂ ಗ್ವಾಡಿ ಮುಗೀಲಿಲ್ಲ. ಇಷ್ಟೆಲ್ಲಾ ಮಾಡಿ ಕಡಿಮಿ ಬೀಳೂದು ಎಷ್ಟು? ಒಂದು ಟೈಲ್!

ಇದನ್ನ ಮೊದಲ ಕಂಡು ಬರದಿಟ್ಟಾವ್ರು ಭಾಸ್ಕರಾಚಾರ್ಯರು, 1150ರಾಗ, ಬೀಜಗಣಿತ ಅನ್ನೂ ತಮ್ಮ ಗ್ರಂಥದಾಗ, 67ರ ಸಂಗ್ತೀನ 61ನ್ನೂ ಉದಾಹರಣಿ ಅಂತ ಕೊಟ್ಟು. 67ರದ್ದು ಪಾಪದ್ದು, 5967 ಮತ್ತು 48842 ಅಷ್ಟ. ಆವಾಗ ಅವರಿಗೆ ಮೂವತ್ತಾರು ವರ್ಷ, ಹುಟ್ಟಿದ್ದು 1114. ಈಗ ಇಲ್ಲೆ ನಮ್ಮೂರ ಮಂದಿ ಎದಿ ಉಬ್ಬಿಸ್ತಾರ, ಭಾಸ್ಕರಾಚಾರ್ಯರು ನಮ್ಮ ವಿಜಯಪುರದಾವ್ರು ಅಂತ. ನಾನೂ ಕಾಲೇಜಿನ್ಯಾಗ ಇದ್ದಾಗ ಹಂಗ ಎದಿ ಉಬ್ಬಿಸಿ ಅಡ್ಡಾಡಿದಾಂವ. ಅವರು ತಮ್ಮ ಊರು ವಿಜ್ಜಡವಿಡ, ಸಹ್ಯ ಪರ್ವತದ ಬಾಜೂ ಅಂತ ಬರದಾರ, ಹೆಸರಿನ ಹೋಲಿಕಿ ಹಿಡದು ಇದು ಬಿಜಾಪುರ ಅಂದಾವ್ರು ಅದಾರ. ಆದ್ರ ಗೋಳಗುಮ್ಮಟದ ಮ್ಯಾಲ ನಿಂತು ಎಷ್ಟು ದೂರ ನೋಡಿದ್ರೂ ಸಹ್ಯಾದ್ರಿ ಕಾಣೂದಿಲ್ರಿ, ಬಯಲು ಮತ್ತ ಬಯಲು. ಆಕಡೆ ಮಹಾರಾಷ್ಟ್ರದ ಜಳಗಾಂವ್ ಜಿಲ್ಲಾದಾಗ ಚಾಳೀಸಗಾಂವ್ ಹತ್ರ ಪಾಟಣ ಅಂತ ಊರೈತಿ, ಅಲ್ಲೆ ಭಾಸ್ಕರರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥ ಕಲಸಾಕ ಮಠಾ ಮಾಡಿಸಿದ ಶಾಸನ ಸಿಕ್ಕೈತಿ. ನನ್ನ ಮನಸ್ಸು ನಮ್ಮೂರ ಕಡೆ ಎಳೀತೈತಿ, ಪುರಾವೆ ಆಕಡೆ ಎಳೀತೈತಿ. ಲೆಕ್ಕದ ಮನಷ್ಯಾ ಪುರಾವೆ ಹಿಡೀಬೇಕು, ಹಿಡದೀನಿ, ಸಂಕಟ ಆಗ್ತೈತಿ ಅನ್ನೂದು ಬ್ಯಾರೆ ಮಾತು.

ಇನ್ನೊಂದು ಮಜಾ ಅಂದ್ರ, ಐದು ನೂರು ವರ್ಷ ಆದ ಮ್ಯಾಲ 1657ರಾಗ ಫ್ರಾನ್ಸಿನ ಫರ್ಮಾ ಇದ ಪ್ರಶ್ನೆನ ಯುರೋಪಿನ ಗಣಿತದಾವ್ರಿಗೆ ಸವಾಲ್ ಹಾಕಿದ, ಆರಿಸಿದ ಸಂಖ್ಯೆಯೊಳಗ ಇದ 61 ಇತ್ತು, ಇನ್ನೊಂದು 109. ಇಂಗ್ಲೆಂಡಿನ ಬ್ರೌಂಕರ್ ಬಿಡಿಸಿದ. ಭಾಸ್ಕರರು ಮಾಡಿಟ್ಟದ್ದು ಫರ್ಮಾಗ ಗೊತ್ತಿರಲಿಲ್ಲ, ಸಂಸ್ಕೃತದಿಂದ ಕೋಲ್‌ಬ್ರೂಕ್ ಇಂಗ್ಲಿಷಿಗೆ ಮಾಡಿದ್ದು 1817ರಾಗ. ಕಡೀಕ ಈ ಲೆಕ್ಕದ ಸಮೀಕರಣಕ್ಕ ಹೆಸರು ಬಿದ್ದದ್ದು ಪೆಲ್ ಅನ್ನಾಂವಂದು, ಅದನ್ನ ಬಿಡಿಸಿದಾಂವ ಅವನಲ್ಲ, ಆಯ್ಲರ್ ತಪ್ಪಿ ಅವನ ಹೆಸರು ಇಟ್ಟ, ಅದ ಉಳೀತು. ನಮ್ಮ ಕಡೆ ಇದಕ್ಕ ವರ್ಗಪ್ರಕೃತಿ ಅಂತ ಚೊಲೋ ಹೆಸರು 628ರ ಬ್ರಹ್ಮಗುಪ್ತರ ಕಾಲದಿಂದನೂ ಐತಿ.

"ಮಾಮಾ, ಶೀಟ್ ಹತ್ತು ಲಕ್ಷಕ್ಕ ಸುಸ್ತಾತು, ಅವರು ಹೆಂಗ ಮಾಡಿದ್ರು?" ಇದು ಆಕಿ ಪ್ರಶ್ನೆ. ಇದಕ್ಕ ಉತ್ತರ ಹೇಳಾಕ ನನಗ ಒಂದು ರಾತ್ರಿ ಬೇಕಾತು, ಕರೆಂಟ್ ಬ್ಯಾರೆ ಹೋಗಿತ್ತು, ಚಾರ್ಜಿಂಗ್ ಲೈಟ್ ಇಟ್ಕೊಂಡು ಕುಂತ್ವಿ.

ಅವರು ಹುಡುಕೇ ಇಲ್ಲ, ಕಟ್ಟ್ಯಾರ. ಮೊದಲ ಒಂದು ಸಣ್ಣ ತಪ್ಪು ಉತ್ತರ ತೊಗೊಳ್ಳೂದು. ಖೋಲಿ ಬದಿ 1 ಇಟ್ರ ಒಟ್ಟು 61 ಟೈಲ್, ಹಾಲ್ ಬದಿ 8 ಇಟ್ರ 64 ಬೇಕು, ಕಡಿಮಿ ಬಿದ್ದದ್ದು 3. ಒಂದು ಬೀಳ್ಬೇಕಾದಲ್ಲೆ ಮೂರು ಬಿತ್ತು. ಇದಕ್ಕ ಅವರು ಕ್ಷೇಪ ಅಂತಾರ. (60, 62 ಯಾಕ ಸುಲಭ ಅಂದ್ರ, 64ಕ್ಕ ಅವು 4 ಮತ್ತು 2 ಕಡಿಮಿ, ಎಂಟರ ದುಪ್ಪಟ್ಟು 16, ಅದನ್ನ 4 ಮತ್ತು 2 ಭಾಗಿಸ್ತಾವು, ಉತ್ತರ ಅಲ್ಲೇ ಕೈಗೆ ಸಿಗ್ತೈತಿ. 3 ಅನ್ನೂದು 16ನ್ನ ಭಾಗಿಸೂದಿಲ್ಲ, ಅಲ್ಲೆ ಬಾಗಿಲು ಮುಚ್ಚತು.) ಈಗ ಚಕ್ರವಾಲ ಅನ್ನೂ ಯುಕ್ತಿ. ಒಂದು ಸಂಖ್ಯೆ ಆರಿಸ್ಬೇಕು, ಅದನ್ನ 8ಕ್ಕ ಕೂಡಿಸಿದ್ರ 3ರಿಂದ ಭಾಗ ಹೋಗ್ಬೇಕು, ಮತ್ತ ಅದರ ವರ್ಗ 61ರ ಹತ್ರ ಇರ್ಬೇಕು. 7 ಹೊಂದತೈತಿ. 8 ಮತ್ತು 7 ಹದಿನೈದು, ಭಾಗಿಸಿದ್ರ 5, ಇದು ಹೊಸಾ ಖೋಲಿ. 8 ಏಳ್ಲೆ 56, ಅದಕ್ಕ 61 ಕೂಡಿಸಿದ್ರ 117, ಭಾಗಿಸಿದ್ರ 39, ಇದು ಹೊಸಾ ಹಾಲ್. ಏಳೇಳ್ಲೆ 49ರಾಗ 61 ಕಳದ್ರ ಮೈನಸ್ 12, ಭಾಗಿಸಿದ್ರ ಮೈನಸ್ 4, ಇದು ಹೊಸಾ ಕ್ಷೇಪ. ನೋಡ್ರಿ ಬೇಕಾದ್ರ, 39ರ ವರ್ಗ 1521, 5ರ ವರ್ಗ 61ರಿಂದ ಗುಣಿಸಿದ್ರ 1525. ನಾಲ್ಕು ಉಳೀತು.

ಹಿಂಗ ಸುತ್ತಿಗೊಂದ್ಸಲ ಕ್ಷೇಪ ಬದಲಾಗ್ಕೋತ ಕಡೀಕ ಒಂದಕ್ಕ ಬಂದು ನಿಂದ್ರತೈತಿ ಅದಕ್ಕ ಚಕ್ರ ಅಂತ ಹೆಸರು. ಭಾಸ್ಕರರಿಗೂ ಮೊದಲ ಜಯದೇವ ಅನ್ನೋರು ಈ ದಾರಿ ಹೇಳಿದ್ರು, 1073ರ ಉದಯದಿವಾಕರರ ವ್ಯಾಖ್ಯಾನದಾಗ ಅವರ ಶ್ಲೋಕ ಉಳದಾವು. ಆದ್ರ ಕ್ಷೇಪ 4 ಸಿಕ್ಕ ಕೂಡ್ಲೆ ಚಕ್ರ ತಿರುಗಿಸೂದು ಬಿಟ್ಟು ಬ್ರಹ್ಮಗುಪ್ತರ ಒಳದಾರಿ ಹಿಡೀಬಹುದು. ಖೋಲಿ ಹಾಲ್ ಎರಡನ್ನೂ ಅರ್ಧಾ ಮಾಡ್ರಿ, ಹಾಲ್ ಹತ್ತೊಂಬತ್ತೂವರಿ, ಖೋಲಿ ಎರಡೂವರಿ, ಕ್ಷೇಪ ನಾಲ್ಕನೇ ಒಂದು ಭಾಗ ಆಗಿ ಮೈನಸ್ 1. ಅರ್ಧಾ ಟೈಲ್ ಬಂತಲ್ಲ ಅಂತ ಹುಡುಗಿ ತಕರಾರು. ತಡಿ ಅವ್ವಿ ಅಂದೆ. ಎರಡು ಉತ್ತರ ಒಂದಕ್ಕೊಂದು ಗುಣಿಸೂ ರೀತಿ ಐತಿ, ಭಾವನಾ ಅಂತಾರ. ಹಾಲಿಗೆ ಹಾಲ್ ಗುಣಿಸಿ, ಖೋಲಿಗೆ ಖೋಲಿ ಗುಣಿಸಿದ್ದನ್ನ 61 ಪಟ್ಟು ಮಾಡಿ ಕೂಡಿಸಿದ್ರ ಹೊಸಾ ಹಾಲ್, ಅಡ್ಡಡ್ಡ ಗುಣಿಸಿ ಕೂಡಿಸಿದ್ರ ಹೊಸಾ ಖೋಲಿ, ಕ್ಷೇಪಗಳು ಸೀದಾ ಗುಣಿಸಿಕೋತಾವು. ಹತ್ತೊಂಬತ್ತೂವರಿ ಎರಡೂವರಿಯನ್ನ ತನಗ ತಾನ ಗುಣಿಸಿದ್ರ ಏಳುನೂರಾ ಅರವತ್ತೊಂದೂವರಿ ಮತ್ತು ತೊಂಬತ್ತೇಳೂವರಿ, ಕ್ಷೇಪ 1. ಬಂತು, ಆದ್ರ ಇನ್ನೂ ಅರ್ಧಾ ಅರ್ಧಾ. ಅದನ್ನ ಮತ್ತ ಹತ್ತೊಂಬತ್ತೂವರಿ ಜೋಡಿಗೆ ಗುಣಿಸಿದ್ರ ಅರ್ಧಾ ಎಲ್ಲಾ ಹೋಗಿ 29718 ಮತ್ತು 3805, ಕ್ಷೇಪ ಮೈನಸ್ 1.

ಹುಡುಗಿ ಪೆನ್ ಕೆಳಗಿಟ್ಳು. "ಮಾಮಾ, ಇದು ನಮ್ಮ ಸುಳ್ಳ ಸಾಲು!"

ಹೌದು, ಅದ. ಶೀಟಿನ್ಯಾಗ ಆಕಿ ಕುಣದದ್ದು, ಮತ್ತ ಅಳಸಿ ಹಾಕಿದ್ದು, ಉತ್ತರದ ಹಿಂದಿನ ಮೆಟ್ಟಲಾ ಆಗಿತ್ತು. ಇನ್ನೊಂದ ಸಲ ತನಗ ತಾನ ಗುಣಿಸಿದ್ರ ಮೈನಸ್ 1ಕ್ಕ ಮೈನಸ್ 1 ಪ್ಲಸ್ 1, ಸಂಖ್ಯೆ 1766319049 ಮತ್ತು 226153980. 3805ನೇ ಸಾಲಿನ್ಯಾಗ ನಿಂತು ಒಂದು ಗುಣಾಕಾರ ಮಾಡಿದ್ರ ಸಾಕಿತ್ತು, ನಾವು ಹತ್ತು ಲಕ್ಷ ಸಾಲು ಎಳದು ಲ್ಯಾಪ್‌ಟಾಪ್ ಸುಟ್ವಿ.

ಇದು ಗೊತ್ತಾದ ಮ್ಯಾಲ ಆ ದೊಡ್ಡ ಸಂಖ್ಯೆ ಬ್ಯಾರೇನ ಕಾಣಾಕತ್ತು. 1766319049ರಾಗ ಒಂದು ಕಳದು ಅರ್ಧಾ ಮಾಡ್ರಿ, 883159524, ಅದು ಬರೋಬ್ಬರಿ 29718ರ ವರ್ಗ. ಒಂದು ಕೂಡಿಸಿ ಅರ್ಧಾ ಮಾಡ್ರಿ, 883159525, ಅದು 61 ಸಲ 3805ರ ವರ್ಗ. ಅಂದ್ರ ಆಚೀಚಿ ಬಾಜೂ ಮನಿಯವ್ರಿಬ್ರೂ ಈಕಿ ಸುಳ್ಳ ಸಾಲಿನ ಮಕ್ಕಳ. 1766319049ರ ಅಪವರ್ತನ ತಗದ್ರ 11, 59, 1523, 1787, ನಾಲ್ಕೂ ಅವಿಭಾಜ್ಯ, ನಾಲ್ಕೂ ಗುಣಿಸಿದ್ರ ನಮ್ಮ ಸಂಖ್ಯೆ. 11 ಭಾಗಿಸ್ತೈತಿ ಅನ್ನೂದು ಕೈಲೇ ನೋಡಬಹುದು, ಬಲಗಡೆಯಿಂದ ಅಂಕಿ ಒಂದು ಕೂಡಿಸಿ ಒಂದು ಕಳಕೋತ ಹೋದ್ರ ಸೊನ್ನಿ ಬರ್ತೈತಿ. 1523 ಎಲ್ಲಿಂದ ಬಂತು? ಮ್ಯಾಲಿನ ಏಳುನೂರಾ ಅರವತ್ತೊಂದೂವರಿಯ ದುಪ್ಪಟ್ಟು ಅದು! ಇನ್ನ 11ನ್ನ 59ರಿಂದ ಗುಣಿಸಿದ್ರ 649, ಹದಿಮೂರು ಖೋಲಿಯ ಹಾಲ್, ಹುಡುಗಿ ಮೊದಲ ಎಡವಿದ್ದು. ಮತ್ತ 226153980 ಅನ್ನೂದು 180ರಿಂದ ಪೂರ್ತಿ ಭಾಗ ಹೋಗ್ತೈತಿ, ಅದೂ ಹದಿಮೂರರ ಖೋಲಿ. ಇದನ್ನ ನಾ ಯೋಗಾಯೋಗ ಅಂತ ಬಿಟ್ಟೀನಿ, ಆಕಿ ಒಪ್ಪವಲ್ಳು.

ದೊಡ್ಡದನ್ನ ಸಣ್ಣದ್ರಿಂದ ಭಾಗಿಸಿದ್ರ 7.81024967590665439, ಇದು 61ರ ವರ್ಗಮೂಲ, ದಶಾಂಶದ ಮುಂದ 17 ಅಂಕಿ ಸರಿ. ಕ್ಯಾಲ್ಕುಲೇಟರ್ ಇಲ್ಲದ ಕಾಲದಾಗ ಇಷ್ಟು ನಿಖರ ವರ್ಗಮೂಲ ಪುಕ್ಕಟೆ ಸಿಕ್ಕಂಗ ಆತು.

ಖರೇ ಹೌದೋ ಅಲ್ಲೋ ಅಂತ ಶೀಟಿನ್ಯಾಗ ಹಾಕಿ ನೋಡೋಣು ಅಂತ, ಒಂದು ಕಡೆ 1766319049ರ ವರ್ಗ, ಇನ್ನೊಂದು ಕಡೆ 61 ಸಲ 226153980ರ ವರ್ಗ, ಕಳದ್ರ 1 ಬರ್ಬೇಕು. ಬಂದದ್ದು 0. ಶೀಟಿಗೆ ಹದಿನೈದು ಅಂಕಿಯ ಮ್ಯಾಲ ಕಣ್ಣ ಕಾಣೂದಿಲ್ಲ, ಇದು ಹತ್ತೊಂಬತ್ತು ಅಂಕಿದ್ದು. ಮೊದಲ ಇಲ್ಲದ್ದನ್ನ ಐತಿ ಅಂತು, ಈಗ ಇದ್ದದ್ದನ್ನ ಇಲ್ಲ ಅಂತು. ದಿನಾ ಇದರ ಮ್ಯಾಲ ನಾ ಲಕ್ಷಗಟ್ಟಲೆ ರೂಪಾಯಿ ಲೆಕ್ಕ ಇಡ್ತೀನಿ ಅನ್ನೂದು ನೆನಪಾಗಿ ಸ್ವಲ್ಪ ಅಂಜಿಕಿ ಆತು (ಹದಿನೈದು ಅಂಕಿ ದಾಟೂವಷ್ಟು ದ್ರಾಕ್ಷಿ ನಮ್ಮ ಹತ್ರ ಇಲ್ಲ, ಚಿಂತಿಲ್ಲ). ಕೈಲೇ ಮಾಡೂದ ಅಂತ ಆಕಿ ಕುಂತ್ಳು. ಮೊದಲ ಒಂಬತ್ತರ ತಾಳೆ ನೋಡು ಅಂದೆ, ನಮ್ಮ ಅಪ್ಪ ಹಿಂಗ ಕಲಿಸಿದ್ದ. 226153980ರ ಅಂಕಿ ಕೂಡಿಸಿದ್ರ 36, ಒಂಬತ್ತರಿಂದ ಪೂರ್ತಿ ಹೋತು, ಸೊನ್ನಿ. 1766319049ರದ್ದು 46, ಮತ್ತ ಕೂಡಿಸಿದ್ರ ಹತ್ತು, ಒಂದು. ಸೊನ್ನಿಗೆ ಒಂದು ಕೂಡಿಸಿದ್ರ ಒಂದು, ಒಂದರ ವರ್ಗ ಒಂದು, ತಾಳೆ ಆತು. ಇದು ಸಾಕಾಗೂದಿಲ್ಲ ಅಂತ ಆಕಿಗೆ ಗೊತ್ತು, ನಾಲ್ಕು ಪಾನ ತುಂಬಿಸಿ ಪೂರಾ ಗುಣಾಕಾರ ಮಾಡಿದ್ಳು, ನಡುವ ಒಮ್ಮೆ ಕೈಯ್ಯಾಗಿಂದು ಮರತು ಹರದು ಒಗದು ಮತ್ತ ಮಾಡಿದ್ಳು. ಕಡೀಕ ಒಂದು ಕಡೆ 3119882982860264401, ಇನ್ನೊಂದು ಕಡೆ 3119882982860264400. ರಾತ್ರಿ ಹನ್ನೊಂದಾಗಿತ್ತು, ಅಕ್ಕ ಎರಡ ಸಲ ಫೋನ್ ಮಾಡಿ ಬೈದಿದ್ಳು.

ಮರುದಿನ ಸೈಟಿನ್ಯಾಗ ಆಕಿ ತಡೀಲಾರದ ಗೌಂಡಿಗೆ ಹೇಳೇ ಬಿಟ್ಳು, ಕಾಕಾ, ಅರವತ್ತೊಂದು ಖೋಲಿ, ಒಂದೊಂದು ಬದಿಗೆ ಇಪ್ಪತ್ತೆರಡು ಕೋಟಿ ಚಿಲ್ಲರೆ ಟೈಲ್, ಎಲ್ಲಾ ಎತ್ತಿ ಒಂದ ಹಾಲಿಗೆ ಹಾಕಿದ್ರ ಒಂದ ಟೈಲ್ ಕಡಿಮಿ ಬೀಳ್ತೈತಿ ಅಂತ. ಆಂವ ಬೀಡಿ ಆರಿಸಿ ಕಿವಿಗಿಟ್ಕೊಂಡು ಪೂರಾ ಕೇಳಿದ. ಆಮ್ಯಾಲ ಮೂಲ್ಯಾಗ ನಿಂದ್ರಿಸಿದ್ದ ಆ ಉಳಿದ ಪೀಸ್ ಕಡೆ ಕೈ ಮಾಡಿ ಅಂದ, "ಅದಕ್ಕ ಇದ ಹಾಕೋಣು ತಂಗಿ. ಆದ್ರ ಇಷ್ಟು ದೊಡ್ಡ ಕೆಲಸ ಸ್ಕ್ವೇರ್ ಫೂಟ್ ಲೆಕ್ಕದಾಗ ಹಿಡಿಯಾಂವ ನಾ, ದಿನಗೂಲಿಗೆ ಬರೂದಿಲ್ಲ ಅಂತ ನಿಮ್ಮ ಮಾಮಾಗ ಮೊದಲ ಹೇಳು."